ಎಸಿ ಸೋರಿದ 18 ದಿನ

ಜೂನ್ 11ರ ರಾತ್ರಿ ಎರಡೂವರೆಗೆ ಅತ್ತೆಯವರು ನನ್ನನ್ನು ಎಬ್ಬಿಸಿ, "ಮಳೆ ಹಿಡಿದಿದೆ, ಮಾಳಿಗೆಯ ಮೇಲಿನ ಬಟ್ಟೆ ತಂದುಬಿಡಮ್ಮ" ಎಂದರು. ನಿದ್ದೆಗಣ್ಣಿನಲ್ಲಿ ಮೆಟ್ಟಿಲು ಹತ್ತಿ ಹೋದರೆ ಬಟ್ಟೆಗಳು ಗರಿಗರಿಯಾಗಿ ಒಣಗಿದ್ದವು, ಆಕಾಶದ ತುಂಬ ಚುಕ್ಕಿ. ಕೆಳಗೆ ಬಂದು ದೀಪ ಹಾಕಿದಾಗ ಗೊತ್ತಾಯಿತು, ಮಳೆ ಬಂದದ್ದು ಅವರ ದಿಂಬಿನ ಮೇಲೆ ಮಾತ್ರ. ಗೋಡೆಯಲ್ಲಿದ್ದ ಎಸಿಯ ಎಡ ಮೂಲೆಯಿಂದ ಹನಿಗಳು ಒಂದರ ಹಿಂದೊಂದು ಇಳಿಯುತ್ತಿದ್ದವು. ಅರ್ಧ ದಿಂಬು ನೆನೆದಿತ್ತು. ಗೋಡೆಯ ಮೇಲೆ ಒಂದು ಕಂದು ಗೆರೆ ಸ್ವಿಚ್‌ಬೋರ್ಡಿನ ಕಡೆಗೆ ಹೊರಟಿತ್ತು.

ಆ ಗೆರೆ ಕಂಡದ್ದೇ ನನ್ನ ನಿದ್ದೆ ಹಾರಿತು. ಓಡಿ ಹೋಗಿ ಎಸಿಯ ಎಂಸಿಬಿ, ಅಂದರೆ ವಿದ್ಯುತ್ ಕಡಿಯುವ ಸ್ವಿಚ್ಚು, ಇಳಿಸಿದೆ, ಅತ್ತೆಯ ಮಂಚವನ್ನು ಎಳೆದು ಕೋಣೆಯ ನಡುವೆ ತಂದೆ, ಹನಿ ಬೀಳುವಲ್ಲಿ ಹಿಟ್ಟು ಕಲಸುವ ಪರಾತ ಇಟ್ಟೆ. ಅದರ ಟಣ್ ಟಣ್ ಸದ್ದಿಗೆ ಆ ರಾತ್ರಿ ಇಬ್ಬರೂ ಮಲಗಲಿಲ್ಲ. ಎಸಿ ನಿಂತ ಮೇಲೂ ಮುಕ್ಕಾಲು ಗಂಟೆ ಸೋರಿತು.

ಬಳ್ಳಾರಿಯಲ್ಲಿ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂದು ಹೊರಗಿನವರು ತಮಾಷೆ ಮಾಡುತ್ತಾರೆ. ನಮ್ಮ ಮನೆಗೆ ಎಸಿ ಬಂದದ್ದು ಆ ತಮಾಷೆಯಿಂದಲೇ. ಐದು ವರ್ಷದ ಹಿಂದಿನ ಮೇ ತಿಂಗಳಿನಲ್ಲಿ ಅತ್ತೆಯವರು ನಡುಮನೆಯಲ್ಲಿ ತಲೆ ಸುತ್ತಿ ಬಿದ್ದರು. ವಾರದೊಳಗೆ ಸಾಲ ಮಾಡಿ ಒಂದೂವರೆ ಟನ್ನಿನ ಎಸಿ ತಂದೆವು. "ಒಂದೂವರೆ ಟನ್ ಭಾರವನ್ನು ಈ ಹಳೆಯ ಗೋಡೆ ತಾಳುತ್ತದೆಯೇ" ಎಂದು ಅತ್ತೆ ಕೇಳಿದ್ದರು. ಅದು ತೂಕವಲ್ಲ, ಒಂದು ಟನ್ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ ಅದು ಎಸಿಯ ಒಂದು ಟನ್, ಸುಮಾರು ಮೂರೂವರೆ ಕಿಲೋವ್ಯಾಟ್ ಎಂದು ನಾನು ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಹಾಗಾದರೂ ಎರಡು ಮೊಳೆ ಹೆಚ್ಚಿಗೆ ಹೊಡೆಸು" ಎಂದರು.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳು. ತಣ್ಣೀರು ತುಂಬಿದ ತಂಬಿಗೆಯ ಹೊರಮೈ ಏಕೆ ಬೆವರುತ್ತದೆ ಎಂಬ ಪ್ರಶ್ನೆಯನ್ನು ಇಪ್ಪತ್ತು ವರ್ಷಗಳಿಂದ ಮಕ್ಕಳಿಗೆ ಕೇಳುತ್ತಿದ್ದೇನೆ. ಎಸಿಯೂ ಅಂಥದೇ ತಂಬಿಗೆ. ಕೋಣೆಯ ಗಾಳಿ ತಣ್ಣನೆಯ ಸುರುಳಿಯ ಮೇಲೆ ಹಾಯುವಾಗ ಅದರಲ್ಲಿದ್ದ ಆವಿ ಅಲ್ಯೂಮಿನಿಯಂ ತಗಡುಗಳ ಮೇಲೆ ಹನಿಗಟ್ಟುತ್ತದೆ, ಹನಿ ಜಾರಿ ಕೆಳಗಿನ ತಟ್ಟೆಗೆ ಬೀಳುತ್ತದೆ, ತಟ್ಟೆಯ ಒಂದು ತುದಿಯ ತೂತಿನಿಂದ ಬೆರಳು ಗಾತ್ರದ ಪೈಪಿಗೆ ಇಳಿದು ಗೋಡೆಯಾಚೆ ಹೋಗುತ್ತದೆ. ಗೋಡೆಗೆ ಹಾಕುವ ಇಂಥ ಸಾಧಾರಣ ಎಸಿಯಲ್ಲಿ ಈ ನೀರನ್ನು ತಳ್ಳಲು ಪಂಪೂ ಇಲ್ಲ, ಮೋಟಾರೂ ಇಲ್ಲ. ವಾಟ, ಅಂದರೆ ಇಳಿಜಾರು, ಅದೊಂದೇ ನೀರನ್ನು ಹೊರಗೆ ಕಳಿಸಬೇಕು. ಇಷ್ಟೆಲ್ಲ ತಿಳಿದವಳಿಗೆ ಸೋರಿಕೆಯ ಕಾರಣ ಹುಡುಕಲು 18 ದಿನ ಬೇಕಾಯಿತು.

ಮೊದಲ ಮೆಕ್ಯಾನಿಕ್ ಬಂದದ್ದು 13ರಂದು. ಬೈಕಿನಿಂದ ಇಳಿದವನು ಒಳಗೆ ಬಂದು, ಎಸಿಯ ಕಡೆಗೆ ಒಮ್ಮೆ ಕತ್ತೆತ್ತಿ ನೋಡಿ, "ಗ್ಯಾಸ್ ಇಳಿದಿದೆ ಮೇಡಂ, 2,800 ಆಗುತ್ತದೆ" ಎಂದ. ಮುಚ್ಚಳ ತೆಗೆಯಲಿಲ್ಲ, ಮೀಟರು ಹಚ್ಚಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವಳು ನಾನಲ್ಲ. ಸುರುಳಿಯನ್ನು ತಣಿಸುವ ಆ ಗ್ಯಾಸು ಸೀಮೆಎಣ್ಣೆಯ ಹಾಗೆ ಉರಿದು ಮುಗಿಯುವ ವಸ್ತುವಲ್ಲವಲ್ಲ, ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತಲೇ ಇರುತ್ತದಲ್ಲ, ಇಳಿದಿದ್ದರೆ ಎಲ್ಲಿಂದ ಸೋರಿತು ತೋರಿಸು ಎಂದೆ. ಅವನಿಗೆ ಸಿಟ್ಟು ಬಂತು. "ನೀವೇ ಎಲ್ಲ ಬಲ್ಲವರಾದರೆ ನಮ್ಮನ್ನೇಕೆ ಕರೆದಿರಿ?"

ಅವನ ಮಾತಿನಲ್ಲಿ ಸುಳ್ಳು ಪೂರ್ತಿ ಇರಲಿಲ್ಲ ಎಂಬುದನ್ನು ಹೇಳಿಬಿಡುತ್ತೇನೆ. ಗ್ಯಾಸು ನಿಜವಾಗಿಯೂ ಕಡಿಮೆಯಾದರೆ ಸುರುಳಿಯ ಒಂದು ಭಾಗ ಅತಿಯಾಗಿ ತಣ್ಣಗಾಗಿ ಅಲ್ಲಿ ಮಂಜು ಕಟ್ಟುತ್ತದೆ, ಎಸಿ ನಿಲ್ಲಿಸಿದಾಗ ಆ ಮಂಜು ಒಮ್ಮೆಲೇ ಕರಗಿ ತಟ್ಟೆ ತುಂಬಿ ಹೊರಚೆಲ್ಲುತ್ತದೆ. ಫಿಲ್ಟರಿನಲ್ಲಿ ದೂಳು ಕಟ್ಟಿ ಗಾಳಿ ಓಡದಿದ್ದರೂ ಹೀಗೆಯೇ ಆಗುತ್ತದೆ. ಆದರೆ ಆಗ ಕೋಣೆಯೂ ತಣ್ಣಗಾಗುವುದಿಲ್ಲ, ಎಸಿಯ ಮುಂಬಾಗಿಲು ತೆರೆದು ಟಾರ್ಚು ಹಾಕಿದರೆ ಬಿಳಿ ಮಂಜು ಕಾಣುತ್ತದೆ. ನಮ್ಮದು 24 ಡಿಗ್ರಿಗೆ ಇಟ್ಟರೆ ಅರ್ಧ ಗಂಟೆಯಲ್ಲಿ ಅತ್ತೆಗೆ ಕಂಬಳಿ ಬೇಕಾಗುವಷ್ಟು ತಂಪು ಕೊಡುತ್ತಿತ್ತು. ಮಂಜಿನ ಸುಳಿವೂ ಇರಲಿಲ್ಲ. ಅವನನ್ನು ಚಹಾ ಕೊಟ್ಟು ಕಳಿಸಿದೆ.

ಎರಡನೆಯವನು ಹುಡುಗ, ಕೆಲಸಗಾರ. 15ರ ಭಾನುವಾರ ಬಂದು, ಎಸಿಗೆ ಪ್ಲಾಸ್ಟಿಕ್ ಚೀಲದ ಉಡುಗೆ ತೊಡಿಸಿ, ಜೆಟ್ ಪಂಪಿನಲ್ಲಿ ನೀರು ಹೊಡೆದು ಸುರುಳಿ ತೊಳೆದ. ಚೀಲದ ಬುಡದಿಂದ ಬಕೆಟ್ಟಿಗೆ ಇಳಿದ ನೀರು ಮೊದಲು ಕೆಮ್ಮಣ್ಣಿನ ಬಣ್ಣಕ್ಕಿತ್ತು. ಅದರಲ್ಲಿ ನಮಗೇನೂ ಆಶ್ಚರ್ಯವಿಲ್ಲ, ಅದಿರಿನ ಲಾರಿಗಳ ಊರಿನಲ್ಲಿ ಕಿಟಕಿಯ ಸರಳು ಒರೆಸಿದರೂ ಅದೇ ಬಣ್ಣ. ಆಮೇಲೆ ನೀರು ನೀಲಿಗೆ ತಿರುಗಿತು. ಹುಡುಗ ನನ್ನ ಮುಖ ನೋಡಿದ. ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಗೋಡೆಯ ಕ್ಯಾಲೆಂಡರು ನೋಡಿದರು.

ನಮ್ಮ ಓಣಿ ಇರುವುದು ಕೌಲ್‌ಬಜಾರ್‌ ಕಡೆಗೆ. ಇಲ್ಲಿ ಮನೆಮನೆಯಲ್ಲಿ ಜೀನ್ಸ್ ಪ್ಯಾಂಟಿನ ಕೆಲಸ. ಒಬ್ಬರು ಕತ್ತರಿಸುತ್ತಾರೆ, ಒಬ್ಬರು ಹೊಲಿಯುತ್ತಾರೆ, ಒಬ್ಬರು ಗುಂಡಿ ಹಾಕುತ್ತಾರೆ, ಹೊಲಿಗೆ ಮುಗಿದ ಪ್ಯಾಂಟುಗಳ ಹೆಚ್ಚುವರಿ ದಾರ ಕತ್ತರಿಸುವ ಕೆಲಸ ಮನೆಯ ಹೆಂಗಸರಿಗೆ ಬರುತ್ತದೆ. ಅತ್ತೆಯವರಿಗೆ ದುಡ್ಡಿನ ಅಗತ್ಯವಿಲ್ಲ, ಹೊತ್ತು ಹೋಗಬೇಕು. ಮಧ್ಯಾಹ್ನ ಊಟವಾದ ಮೇಲೆ ಪಕ್ಕದ ಮನೆಯಾಕೆಯನ್ನು ಕರೆದುಕೊಂಡು, ಗಂಟು ಬಿಚ್ಚಿ, ಎಸಿಯ ಅಡಿಯಲ್ಲೇ ಕುಳಿತು ದಾರ ಕತ್ತರಿಸುತ್ತಾರೆ. ಒಂದೊಂದು ಪ್ಯಾಂಟನ್ನು ಕೊಡವಿದಾಗಲೂ ನೀಲಿ ಜುಂಗು ಏಳುತ್ತದೆ. ಎಸಿ ಅದನ್ನು ಉಸಿರಿನೊಂದಿಗೆ ಎಳೆದುಕೊಳ್ಳುತ್ತದೆ. ಫಿಲ್ಟರನ್ನು ನಾನು ತಿಂಗಳಿಗೊಮ್ಮೆ ತೊಳೆಯುತ್ತಿದ್ದೆ ಎಂದು ಬರೆಯಬೇಕೆಂದಿದ್ದೆ, ನಿಜ ಹೇಳಬೇಕೆಂದರೆ ಪರೀಕ್ಷೆಯ ತಿಂಗಳುಗಳಲ್ಲಿ ಮರೆತಿದ್ದೆ.

ತೊಳೆದದ್ದಕ್ಕೆ 600 ರೂಪಾಯಿ. ಸೋರಿಕೆ ನಿಂತಿತು. ಒಂಬತ್ತು ದಿನ ನಾನು ಗೆದ್ದವಳ ಹಾಗೆ ಓಡಾಡಿದೆ. 24ರ ರಾತ್ರಿ ಮತ್ತೆ ಟಣ್ ಟಣ್. ಈ ಸಲ ಹನಿಯಲ್ಲ, ದಾರದಂಥ ಧಾರೆ. ಅದೂ ಅಲ್ಲದೆ ಎಸಿಯ ಹೊಟ್ಟೆಯೊಳಗಿಂದ ಆಗಾಗ ಗುಳುಗುಳು ಎಂಬ ಸದ್ದು, ಹುಕ್ಕಾ ಸೇದಿದ ಹಾಗೆ.

ಮರುದಿನ ರಾತ್ರಿ ಇಂಗ್ಲೆಂಡಿನಿಂದ ಅಕ್ಕನ ಮಗ ಫೋನು ಮಾಡಿದ. ಅಜ್ಜಿಯ ಮಂಚ ಏಕೆ ನಡುಮನೆಗೆ ಬಂದಿದೆ ಎಂದು ವಿಡಿಯೋದಲ್ಲಿ ಕಂಡು ಕೇಳಿದ. ಕಥೆಯೆಲ್ಲ ಹೇಳಿದೆ. ಗುಳುಗುಳು ಎಂದೊಡನೆ ಅವನು ನಕ್ಕು, "ಚಿಕ್ಕಮ್ಮ, ಚಳಿಗಾಲದಲ್ಲಿ ನಮ್ಮ ಬಾಯ್ಲರ್ ಕೆಟ್ಟಾಗಲೂ ಇದೇ ಸದ್ದು" ಎಂದ.

ಬಾಯ್ಲರ್ ಎಂದರೆ ಅತ್ತೆಯವರಿಗೆ ಸೌದೆ ಹಾಕಿ ಸ್ನಾನದ ನೀರು ಕಾಯಿಸುವ ತಾಮ್ರದ ಬಂಬು. ಅದಕ್ಕೂ ಎಸಿಗೂ ಏನು ನಂಟು ಎಂದು ಅವರು ಫೋನಿಗೆ ಮುಖ ತಂದರು. ಅವನು ಬಿಡಿಸಿ ಹೇಳಿದ. ಅವನ ಮನೆಯದು ಅಡುಗೆಮನೆಯ ಗೋಡೆಗೆ ತೂಗುಹಾಕಿದ ಪೆಟ್ಟಿಗೆ. ಕೊಳವೆಯಲ್ಲಿ ಬರುವ ಅನಿಲವನ್ನು ಉರಿಸಿ ನೀರು ಕಾಯಿಸುತ್ತದೆ, ಆ ಬಿಸಿನೀರು ಮನೆಯ ಪ್ರತಿ ಕೋಣೆಯಲ್ಲೂ ಸುತ್ತಿ ಗೋಡೆಯ ಕಬ್ಬಿಣದ ಫಲಕಗಳನ್ನು ಬೆಚ್ಚಗಿಡುತ್ತದೆ. ಹಳೆಯ ಕಾಲದ ಬಾಯ್ಲರುಗಳಲ್ಲಿ ಹೊಗೆ ಬಿಸಿಬಿಸಿಯಾಗಿಯೇ ಹೊರಗೆ ಹೋಗುತ್ತಿತ್ತು. 2005ರಿಂದ ಅಲ್ಲಿ ಹೊಸದಾಗಿ ಹಾಕಿಸುವ ಬಾಯ್ಲರು ಹೊಗೆಯ ಶಾಖವನ್ನೂ ಹಿಂಡಿಕೊಳ್ಳುವ ಬಗೆಯದಾಗಿರಬೇಕು ಎಂದು ನಿಯಮ ಬಂತು. ಹೊಗೆ ಸುಮಾರು 55 ಡಿಗ್ರಿಗಿಂತ ಕೆಳಕ್ಕೆ ತಣಿದಾಗ ಅದರಲ್ಲಿದ್ದ ಆವಿ ನೀರಾಗಿ ಇಳಿಯುತ್ತದೆ.

ಬೆಂಕಿಯ ಹೊಗೆಯಲ್ಲಿ ನೀರು ಎಲ್ಲಿಂದ ಬಂತು ಎಂದು ಅತ್ತೆ ಕೇಳಿದ ಪ್ರಶ್ನೆಯನ್ನು ನನ್ನ ಹತ್ತನೆಯ ತರಗತಿಯ ಮಕ್ಕಳು ಕೇಳಿದ್ದರೆ ಎದ್ದು ಕುಣಿಯುತ್ತಿದ್ದೆ. ಆ ಅನಿಲದಲ್ಲಿ ಹೆಚ್ಚಿನ ಪಾಲು ಮೀಥೇನ್, ಅದರ ಒಂದು ಅಣುವಿನಲ್ಲಿ ನಾಲ್ಕು ಹೈಡ್ರೋಜನ್. ಉರಿದಾಗ ಎರಡು ಅಣು ನೀರು. ಒಂದು ಕಿಲೋ ಮೀಥೇನ್ ಉರಿದರೆ ಎರಡೂಕಾಲು ಕಿಲೋ ನೀರು ಹುಟ್ಟುತ್ತದೆ. ಆ ನೀರು ಹುಳಿ, ಕಿತ್ತಳೆ ರಸದ ಆಸುಪಾಸಿನ ಹುಳಿ. ಆದ್ದರಿಂದ ಅದನ್ನು ಪ್ಲಾಸ್ಟಿಕ್ ಪೈಪಿನಲ್ಲೇ ಒಯ್ದು ಚರಂಡಿಗೆ ಬಿಡಬೇಕು, ಗಿಡಕ್ಕಲ್ಲ.

ಕಳೆದ ಜನವರಿಯಲ್ಲಿ ಅವನ ಮನೆಯ ಹೊರಗೋಡೆಯ ಮೇಲಿದ್ದ ಆ ಪೈಪಿನೊಳಗೆ ನೀರು ಹೆಪ್ಪುಗಟ್ಟಿತು. ಹೊರಗೆ ಹೋಗಲು ದಾರಿಯಿಲ್ಲದ ನೀರು ಹಿಂದಕ್ಕೆ ಏರಿ, ಬಾಯ್ಲರಿನೊಳಗೆ ಗುಳುಗುಳು ಎಂದು, ಯಂತ್ರ ತನ್ನಷ್ಟಕ್ಕೆ ನಿಂತುಬಿಟ್ಟಿತು. ಬಾಯ್ಲರೇ ಕೆಟ್ಟಿತೆಂದು ಇವನು ಗಾಬರಿಯಾಗಿ ಒಂದು ದಿನ ಕೋಟು ತೊಟ್ಟು ಮಲಗಿದ್ದನಂತೆ. ಕೊನೆಗೆ ಪಕ್ಕದ ಮನೆಯ ಮುದುಕರೊಬ್ಬರು ಹೊರಗೆ ಬಂದು, ಆ ಪೈಪಿನ ಮೇಲೆ ಮೇಲಿನಿಂದ ಕೆಳಗೆ ಉಗುರುಬೆಚ್ಚಗಿನ ನೀರು ಸುರಿಸಿದರು. ಕುದಿಯುವ ನೀರು ಸುರಿದರೆ ಪೈಪು ಸೀಳುತ್ತದೆ, ಕೆಳಗೆ ಬಿದ್ದ ನೀರು ಹೆಪ್ಪುಗಟ್ಟಿ ಕಾಲು ಜಾರುತ್ತದೆ. ಹತ್ತು ನಿಮಿಷದಲ್ಲಿ ಹೆಪ್ಪು ಸಡಿಲಿತು, ಗುಂಡಿ ಒತ್ತಿದ ಮೇಲೆ ಬಾಯ್ಲರು ಹೊತ್ತಿತು. ಆಮೇಲೆ ಬಂದ ಕೆಲಸಗಾರ ಹೊರಗಿನ ಪೈಪು ಸಣ್ಣದಾಯಿತು, 32 ಮಿಲಿಮೀಟರಿನದು ಹಾಕಬೇಕು, ಮೀಟರಿಗೆ ಕಡಿಮೆಯೆಂದರೂ 45 ಮಿಲಿಮೀಟರ್ ಇಳಿಜಾರು ಕೊಡಬೇಕು ಎಂದು ಹೇಳಿ ಬದಲಿಸಿಕೊಟ್ಟ.

"ನಿಮ್ಮ ಎಸಿಗೆ ಏನೂ ಆಗಿಲ್ಲ ಚಿಕ್ಕಮ್ಮ. ಮಷಿನನ್ನು ಬಿಟ್ಟುಬಿಡಿ. ಪೈಪಿನ ಬಾಯಿಂದ ಹಿಂದಕ್ಕೆ ಹುಡುಕಿಕೊಂಡು ಬನ್ನಿ" ಎಂದ.

ಅವನ ಯಂತ್ರಕ್ಕೂ ನಮ್ಮ ಯಂತ್ರಕ್ಕೂ ಒಂದು ವ್ಯತ್ಯಾಸ ನನಗೆ ಅಲ್ಲಿಯೇ ಹೊಳೆಯಿತು. ನೀರಿಗೆ ದಾರಿ ಸಿಗದಿದ್ದರೆ ಬಾಯ್ಲರು ಕೆಲಸ ನಿಲ್ಲಿಸಿ ಮುನಿಸಿಕೊಳ್ಳುತ್ತದೆ. ನಮ್ಮದು ಕೆಲಸವನ್ನೂ ಬಿಡುವುದಿಲ್ಲ, ಅಳುವುದನ್ನೂ ಬಿಡುವುದಿಲ್ಲ.

ಪೈಪಿನ ಬಾಯಿ ಎಂದಾಗ ನನ್ನ ಎದೆ ಸ್ವಲ್ಪ ಅಳುಕಿದ್ದು ನಿಜ. ಏಕೆಂದರೆ ಆ ಬಾಯಿಯನ್ನು ಕಟ್ಟಿದ್ದವಳು ನಾನೇ.

ನಮ್ಮ ಓಣಿಗೆ ನಲ್ಲಿ ನೀರು ಬರುವುದು ವಾರಕ್ಕೊಮ್ಮೆ, ಕೆಲವು ಸಲ ಹತ್ತು ದಿನಕ್ಕೊಮ್ಮೆ. ಅಂಥ ಊರಿನಲ್ಲಿ ಎಸಿಯ ನೀರು ಹಿತ್ತಲ ಮಣ್ಣಿಗೆ ತೊಟ್ಟಿಕ್ಕಿ ಹೋಗುವುದನ್ನು ನಾಲ್ಕು ವರ್ಷ ನೋಡಿ ನೋಡಿ, ಈ ಮಾರ್ಚಿನಲ್ಲಿ ನಾನು ಒಂದು ಏರ್ಪಾಟು ಮಾಡಿದ್ದೆ. ಬೆಂಗಳೂರು ರಸ್ತೆಯ ಅಂಗಡಿಯಿಂದ ನಾಲ್ಕು ಮೀಟರ್ ಹಸಿರು ತೋಟದ ಪೈಪು ತಂದು, ಗೋಡೆಯಿಂದ ಹೊರಬಂದ ಎಸಿ ಪೈಪಿಗೆ ಸಿಕ್ಕಿಸಿ, ಓಡಾಡುವವರ ತಲೆಗೆ ತಗುಲದ ಹಾಗೆ ಗೋಡೆಯಿಂದ ಚಾಚಿದ ಸಜ್ಜಾದ ಕೆಳಗಿನ ಮೊಳೆಗಳ ಮೇಲೆ ಹಾಯಿಸಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ದೊಡ್ಡ ನೀಲಿ ಡ್ರಮ್ಮಿಗೆ ಇಳಿಸಿದ್ದೆ. ಸೊಳ್ಳೆ ಮೊಟ್ಟೆಯಿಡಬಾರದೆಂದು ಡ್ರಮ್ಮಿನ ಮುಚ್ಚಳಕ್ಕೆ ಪೈಪಿನ ಅಳತೆಗೆ ಸರಿಯಾಗಿ ತೂತು ಕೊರೆದು, ನೀರು ಬೀಳುವ ಸದ್ದು ಬಾರದಿರಲೆಂದು ಪೈಪನ್ನು ತಳಮುಟ್ಟ ಬಿಟ್ಟಿದ್ದೆ. ಶಾಲೆಯಲ್ಲಿ ಎಲ್ಲರಿಗೂ ಹೇಳಿಕೊಂಡಿದ್ದೆ. ಇಬ್ಬರು ಸಹೋದ್ಯೋಗಿಗಳು ನೋಡಲೂ ಬಂದಿದ್ದರು.

ಏಪ್ರಿಲ್, ಮೇ ತಿಂಗಳುಗಳಲ್ಲಿ ಇದು ಚೆನ್ನಾಗಿ ನಡೆಯಿತು. ನಮ್ಮ ಬೇಸಿಗೆಯ ಗಾಳಿ ಒಣಗಾಳಿ, ಹಿಂಡಿದರೂ ಹೆಚ್ಚು ನೀರು ಇರುವುದಿಲ್ಲ. ನನ್ನ ಪುಸ್ತಕದಲ್ಲಿ ಬರೆದಿಟ್ಟ ಲೆಕ್ಕದ ಪ್ರಕಾರ ಮೇ ತಿಂಗಳಿನಲ್ಲಿ ರಾತ್ರಿಗೆ ಮೂರು ನಾಲ್ಕು ಲೀಟರ್. ಅದನ್ನು ಬೆಳಗ್ಗೆ ತುಳಸಿಗೆ, ಕರಿಬೇವಿಗೆ ಹಾಕಿದರೆ ಡ್ರಮ್ಮು ಖಾಲಿ. ಮೊದಲ ಮಳೆ ಬಿದ್ದು ಗಾಳಿ ತೇವವಾದದ್ದೇ ತಡ ರಾತ್ರಿಗೆ ಹತ್ತು ಲೀಟರ್ ದಾಟಿತು. ಮಳೆ ಬಿದ್ದ ಮೇಲೆ ಗಿಡಕ್ಕೆ ನೀರು ಹಾಕುವವರು ಯಾರು? ಡ್ರಮ್ಮು ತುಂಬುತ್ತಲೇ ಹೋಯಿತು. ಕಡುಬೇಸಿಗೆಯಲ್ಲಿ ಸೋರದ ಎಸಿ ತಂಪು ಹೊತ್ತಿನಲ್ಲಿ ಸೋರತೊಡಗಿದ್ದು ಏಕೆ ಎಂಬುದಕ್ಕೆ ಉತ್ತರ ಈ ಪುಸ್ತಕದಲ್ಲೇ ಇತ್ತು. ನಾನು ಬರೆದಿದ್ದೆ, ಓದಿರಲಿಲ್ಲ.

28ರ ಶನಿವಾರ ಶಾಲೆ ಅರ್ಧ ದಿನ. ಮನೆಗೆ ಬಂದವಳೇ ಎಂಸಿಬಿ ಇಳಿಸಿ, ಸ್ಟೂಲು ಹಾಕಿಕೊಂಡು, ಎಸಿಯ ಮುಂಬಾಗಿಲು ತೆರೆದು, ಫಿಲ್ಟರು ತೆಗೆದು, ಒಂದು ಲೀಟರಿನ ಬಾಟಲಿಯಿಂದ ಸುರುಳಿಯ ಬುಡಕ್ಕೆ, ವಿದ್ಯುತ್ ಭಾಗಗಳಿರುವ ಕಡೆಯನ್ನು ತಪ್ಪಿಸಿ, ನಿಧಾನವಾಗಿ ನೀರು ಬಿಟ್ಟೆ. ಮಗಳನ್ನು ಹಿತ್ತಲಲ್ಲಿ ನಿಲ್ಲಿಸಿ ಡ್ರಮ್ಮಿನ ಮುಚ್ಚಳ ತೆರೆಸಿದ್ದೆ. "ಬಂತೇ?" "ಇಲ್ಲ." "ಬಂತೇ?" "ಇಲ್ಲಮ್ಮ." ಅರ್ಧ ಲೀಟರು ಆಗುವಷ್ಟರಲ್ಲಿ ಎಸಿಯ ಎಡ ಮೂಲೆಯಿಂದ ನನ್ನ ತೋಳಿನ ಮೇಲೆ ನೀರು ಇಳಿಯಿತು.

"ಪೈಪನ್ನು ಡ್ರಮ್ಮಿನಿಂದ ಮೇಲಕ್ಕೆ ಎತ್ತು" ಎಂದೆ.

ಅವಳು ಎತ್ತಿದಳು. ಎಸಿಯೊಳಗೆ ದೊಡ್ಡದೊಂದು ತೇಗು. ಹಿತ್ತಲಿನಿಂದ ಮಗಳ ಕೂಗು. ಪೈಪಿನಿಂದ ಗಾಳಿ, ನೀರು, ಮತ್ತೆ ಗಾಳಿ ಎಂದು ಕಾರಿಕೊಂಡು ಅವಳ ಲಂಗವೆಲ್ಲ ಒದ್ದೆಯಾಗಿತ್ತು.

ಪಕ್ಕದ ಮನೆಯ ಮೇಲೆ ಕೋಣೆ ಕಟ್ಟುತ್ತಿದ್ದ ಗೌಂಡಿ ಇದನ್ನೆಲ್ಲ ಅಟ್ಟಣಿಗೆಯ ಮೇಲಿಂದ ನೋಡುತ್ತಿದ್ದರು. ಅರವತ್ತರ ಮೇಲಿನವರು, ಮೂರು ತಲೆಮಾರಿನಿಂದ ಈ ಓಣಿಯ ಮನೆಗಳನ್ನು ಕಟ್ಟಿದ ಮನೆತನ. "ಏನಮ್ಮಾ, ಮಗುವಿಗೆ ಹೊರಗೆ ಸ್ನಾನ ಮಾಡಿಸುತ್ತಿದ್ದೀರಾ?" ಎಂದರು. ವಿಷಯ ಹೇಳಿದೆ. ಇಳಿದು ಬಂದು, ನನ್ನ ಹಸಿರು ಪೈಪನ್ನು ಈ ತುದಿಯಿಂದ ಆ ತುದಿಗೆ ಕಣ್ಣಿನಲ್ಲೇ ಅಳೆದರು. ಮೊಳೆಗಳ ನಡುವೆ ಅದು ಬಿಸಿಲಿಗೆ ಮೆತ್ತಗಾಗಿ ಎರಡು ಕಡೆ ಜೋತುಬಿದ್ದಿತ್ತು. ಜೋತುಬಿದ್ದಲ್ಲಿ ಬೆರಳಿನಿಂದ ತಟ್ಟಿ, "ಇಲ್ಲಿ ಹೊಟ್ಟೆ ಬಂದಿದೆ" ಎಂದರು.

ಅವರು ವಿವರಿಸಿದ್ದನ್ನು ನಾನು ಈಗ ಶಾಲೆಯಲ್ಲೂ ಹೇಳುತ್ತೇನೆ. ತಮ್ಮ ಚೀಲದಿಂದ ಮಟ್ಟ ನೋಡುವ ಪೈಪು ತೆಗೆದರು. ಗಾಜಿನ ಹಾಗೆ ತಿಳಿಯಾದ, ಹತ್ತಾರು ಅಡಿ ಉದ್ದದ, ನೀರು ತುಂಬಿದ ಸಣ್ಣ ಪೈಪು. ಪಾಯದ ಎರಡು ಮೂಲೆಗಳಲ್ಲಿ ಅದರ ಎರಡು ತುದಿ ಹಿಡಿದರೆ ಎರಡೂ ಕಡೆ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. "ಇದರೊಳಗೆ ಒಂದು ಗುಳ್ಳೆ ಗಾಳಿ ಸಿಕ್ಕಿಕೊಂಡಿತು ಎನ್ನಿ, ಈ ಪೈಪು ಸುಳ್ಳು ಹೇಳುತ್ತದೆ. ಒಂದು ಕಡೆ ನೀರು ಮೇಲೆ, ಒಂದು ಕಡೆ ಕೆಳಗೆ. ಗುಳ್ಳೆ ನೋಡಿಕೊಳ್ಳದ ಗೌಂಡಿ ಕಟ್ಟಿದ ಮನೆ ವಾರೆ. ನಿಮ್ಮ ಪೈಪಿನೊಳಗೆ ಎರಡು ಮಾರು ಉದ್ದದ ಗುಳ್ಳೆ ಇದೆ" ಎಂದರು.

ಅಷ್ಟು ಸಾಕಾಯಿತು. ಜೋತುಬಿದ್ದ ಹೊಟ್ಟೆಯಲ್ಲಿ ನಿಂತ ನೀರು ಒಂದು ಬಿರಡೆ. ಡ್ರಮ್ಮಿನ ನೀರು ಇನ್ನೊಂದು ಬಿರಡೆ. ನಡುವೆ ಸೆರೆಯಾದ ಗಾಳಿ. ಆ ಗಾಳಿ ಹೊರಗೆ ಬರಬೇಕಾದರೆ ಡ್ರಮ್ಮಿನ ತಳದಿಂದ, ಅಂದರೆ 60 ಸೆಂಟಿಮೀಟರ್ ಆಳದ ನೀರನ್ನು ಸೀಳಿಕೊಂಡು ಗುಳ್ಳೆಯಾಗಿ ಬರಬೇಕು. ಅದನ್ನು ಹಾಗೆ ತಳ್ಳಲು ಎಸಿಯ ಕಡೆ ಅಷ್ಟೇ ಎತ್ತರದ ನೀರು ನಿಲ್ಲಬೇಕು. ನನ್ನ ಪೈಪೋ ಗೋಡೆಯ ತೂತಿನ ಎತ್ತರದಲ್ಲೇ ಮಟ್ಟಸವಾಗಿ ಹರಿದಿತ್ತು, ಎಸಿಯ ತಟ್ಟೆಗೂ ಅದಕ್ಕೂ ಗೇಣು ಅಂತರ. ಗೇಣು ನೀರು ಎರಡು ಅಡಿ ನೀರನ್ನು ತಳ್ಳುವುದು ಹೇಗೆ? ತಳ್ಳಲಾರದೆ ತಟ್ಟೆ ತುಂಬಿ ಅತ್ತೆಯ ದಿಂಬಿಗೆ ಇಳಿಯಿತು. ಇದು ಪ್ರೌಢಶಾಲೆಯ ಪಾಠ. ಡ್ರಮ್ಮು ಖಾಲಿಯಿದ್ದಾಗ ಪೈಪಿನ ಬಾಯಿ ಗಾಳಿಗೆ ತೆರೆದಿರುತ್ತಿತ್ತು, ಆದ್ದರಿಂದ ಬೇಸಿಗೆಯಲ್ಲಿ ನನ್ನ ತಪ್ಪು ಮುಚ್ಚಿಹೋಗಿತ್ತು.

ಇಷ್ಟಾದರೂ ಪೂರ್ತಿ ಬಗೆಹರಿಯಲಿಲ್ಲ. ಪೈಪನ್ನು ಡ್ರಮ್ಮಿನಿಂದ ಹೊರಗಿಟ್ಟು ಮತ್ತೆ ಒಂದು ಲೀಟರ್ ಬಿಟ್ಟು ನೋಡಿದರೆ ನೀರು ಬಂತು, ಆದರೆ ಸೊರಗಿದ ಧಾರೆ. ಒಳಗೆ ಇನ್ನೇನೋ ಇದೆ ಎಂದು ಗೌಂಡಿ ಹಸಿರು ಪೈಪು ಕಿತ್ತು, ಗೋಡೆಯಿಂದ ಹೊರಬಂದ ಎಸಿಯ ಸ್ವಂತ ಪೈಪಿಗೆ ಕಬ್ಬಿಣದ ತಂತಿ ಹಾಕಲು ಹೊರಟರು. ಅದನ್ನು ನಾನು ತಡೆದೆ. ಆ ಪೈಪು ಸುಕ್ಕುಸುಕ್ಕಾದ ತೆಳು ಪ್ಲಾಸ್ಟಿಕ್ಕು, ಗೋಡೆಯೊಳಗೆ ತೂತಾದರೆ ಸೋರಿಕೆ ಗೋಡೆಯನ್ನೇ ತಿನ್ನುತ್ತದೆ. ಬಾಯಿಟ್ಟು ಅಥವಾ ಪಂಪಿಟ್ಟು ಊದುವುದೂ ಬೇಡವೆಂದೆ, ಕಸ ಹಿಂದಕ್ಕೆ ಎಸಿಗೇ ಹೋಗುತ್ತದೆ. ಕಿಟಕಿಯ ಪರದೆ ಬಿಚ್ಚಿ, ಅದನ್ನು ಕಟ್ಟಿದ್ದ ಪ್ಲಾಸ್ಟಿಕ್ ಹೊದಿಕೆಯ ಸ್ಪ್ರಿಂಗು ತಂದುಕೊಟ್ಟೆ. ಅದು ಬಾಗುತ್ತದೆ, ಚುಚ್ಚುವುದಿಲ್ಲ. ಗೌಂಡಿ ಅದನ್ನು ತಿರುಗಿಸುತ್ತ ತಿರುಗಿಸುತ್ತ ಒಂದು ಮೊಳ ಒಳಗೆ ಬಿಟ್ಟು ಮೆಲ್ಲಗೆ ಎಳೆದರು.

ಹೊರಗೆ ಬಂದದ್ದನ್ನು ಹೇಗೆ ಬಣ್ಣಿಸಲಿ? ಗೇಣುದ್ದದ, ಲೋಳೆಗಟ್ಟಿದ, ಕಡುನೀಲಿ ಬಣ್ಣದ ಬತ್ತಿ. ಜೀನ್ಸಿನ ಜುಂಗು, ಕೆಂಪು ದೂಳು, ಪಾಚಿ ಎಲ್ಲ ಸೇರಿ ಹೊಸೆದುಕೊಂಡದ್ದು. ಜೆಟ್ ಪಂಪಿನ ಹುಡುಗ ಸುರುಳಿಯಿಂದ ಬಿಡಿಸಿದ ಜುಂಗಿನಲ್ಲಿ ಅರ್ಧ ಬಕೆಟ್ಟಿಗೆ ಬಂದಿತ್ತು, ಉಳಿದರ್ಧ ಈ ಪೈಪಿನಲ್ಲಿ ಹೋಗಿ ಕೂತಿತ್ತು. ತೊಳೆದ ಮೇಲೆ ಸೋರಿಕೆ ಇನ್ನೂ ಜೋರಾದದ್ದಕ್ಕೆ ಕಾರಣ ಸಿಕ್ಕಿತು. ಸುರುಳಿ ತೊಳೆದವರು ಪೈಪನ್ನೂ ತೊಳೆದು, ನೀರು ಆಚೆ ತುದಿಯಲ್ಲಿ ಬಂತೇ ಎಂದು ನೋಡಿ ಹೋಗಬೇಕು. ನೋಡು ಎಂದು ನಾನೂ ಹೇಳಿರಲಿಲ್ಲ.

ಬತ್ತಿಯನ್ನು ಹಳೆಯ ಪತ್ರಿಕೆಯ ಮೇಲಿಟ್ಟು ಅತ್ತೆಯ ಮುಂದೆ ಹಿಡಿದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುವ ಹಾಗೆ. ಅವರು ಕನ್ನಡಕ ಏರಿಸಿ ನೋಡಿ, "ಅದು ಸರಿ, ಡ್ರಮ್ಮಿನ ತಳಕ್ಕೆ ಪೈಪು ಮುಳುಗಿಸಿದವರು ಯಾರು?" ಎಂದರು. ಗೌಂಡಿ ಮೀಸೆಯಲ್ಲಿ ನಕ್ಕು ಚಹಾ ಕುಡಿದರು.

ಹೋಗುವ ಮುನ್ನ ಅವರಿಗೊಂದು ಸಂಶಯ. ನೀರು ಹೊರಹೋಗುವ ತೂತು ಎಸಿಯ ಬಲಕ್ಕಿದೆ, ಸೋರುವುದು ಎಡ ಮೂಲೆಯಿಂದ, ಏಕೆ? ಮಟ್ಟದ ಪೈಪಿನ ಎರಡು ತುದಿಗಳನ್ನು ಎಸಿಯ ಎರಡು ಕೆನ್ನೆಗೆ ಹಿಡಿದೆವು. ಎಡ ಕೆನ್ನೆ 8 ಮಿಲಿಮೀಟರ್ ತಗ್ಗಿತ್ತು. ಜನವರಿಯಲ್ಲಿ ಸುಣ್ಣಬಣ್ಣ ಮಾಡಿಸಿದಾಗ ಎಸಿಯನ್ನು ಇಳಿಸಿ ಮತ್ತೆ ತೂಗುಹಾಕಿದ್ದರು, ಆಗ ಅದನ್ನು ಗೋಡೆಗೆ ಹಿಡಿಸುವ ಹಿಂದಿನ ತಗಡು ಓರೆಯಾಗಿ ಕೂತಿರಬೇಕು. ತೂತಿನ ಕಡೆಗೆ ಒಂದಿಷ್ಟು ತಗ್ಗಿರಬೇಕಾದ ತಟ್ಟೆ ತದ್ವಿರುದ್ಧವಾಗಿ ಬಾಗಿತ್ತು. ಆ ಕೆಲಸಕ್ಕೆ ಗೌಂಡಿ ಕೈಹಾಕಲಿಲ್ಲ. ತಾಮ್ರದ ಕೊಳವೆ ಮಡಿಚಿಕೊಂಡರೆ ಆಗ ನಿಜವಾಗಿ ಗ್ಯಾಸು ಹೋಗುತ್ತದೆ ಎಂದು ನಾನೂ ಒತ್ತಾಯಿಸಲಿಲ್ಲ. ಮರುದಿನ ಭಾನುವಾರ ಜೆಟ್ ಪಂಪಿನ ಹುಡುಗನನ್ನೇ ಕರೆಸಿದೆವು. ಅವನೂ ಅವನ ತಮ್ಮನೂ ಸೇರಿ ತಗಡಿನ ತಿರುಪು ಸಡಿಲಿಸಿ, ಎಡಗಡೆ ಎತ್ತಿ, ಗೌಂಡಿ ಪೈಪು ಹಿಡಿದು "ಇನ್ನು ಒಂದು ಕೂದಲು, ಸಾಕು" ಎನ್ನುವವರೆಗೆ ಸರಿಪಡಿಸಿದರು. 400 ರೂಪಾಯಿ. ಗೌಂಡಿ ದುಡ್ಡು ಮುಟ್ಟಲಿಲ್ಲ.

ಹೊರಗಿನ ಹಸಿರು ಪೈಪಿಗೆ ನಿವೃತ್ತಿ ಕೊಟ್ಟು ಒಂದು ಅಂಗುಲದ ಗಟ್ಟಿ ಪಿವಿಸಿ ಪೈಪು ಹಾಕಿದೆವು. ಇಂಗ್ಲೆಂಡಿನ ಲೆಕ್ಕ, ಮೀಟರಿಗೆ 45 ಮಿಲಿಮೀಟರ್ ಎಂದೆ. ಗೌಂಡಿ ಮನಸ್ಸಿನಲ್ಲೇ ಗುಣಿಸಿ, "ಅಡಿಗೆ ಅರ್ಧ ಅಂಗುಲ. ಬಚ್ಚಲಿಗೆ ನಾವು ಅಷ್ಟು ವಾಟ ಕೊಡುವುದಿಲ್ಲ, ಇರಲಿ, ಅವರೂ ಯಾರೋ ಬಲ್ಲ ಗೌಂಡಿಗಳೇ" ಎಂದು ಹಾಗೆಯೇ ಕೂರಿಸಿದರು. ಪೈಪಿನ ಬಾಯಿ ಈಗ ಡ್ರಮ್ಮಿನ ಮುಚ್ಚಳಕ್ಕಿಂತ ಗೇಣು ಮೇಲೆ ನಿಲ್ಲುತ್ತದೆ, ಮುಚ್ಚಳದ ತೂತಿಗೆ ಸೊಳ್ಳೆ ಪರದೆಯ ತುಂಡು. ಒಂದು ಲೀಟರ್ ಬಿಟ್ಟರೆ ಮಗಳು ಇಪ್ಪತ್ತು ಎಣಿಸುವಷ್ಟರಲ್ಲಿ ಆಚೆ ಬಂತು. ಫಿಲ್ಟರು ಈಗ ಹದಿನೈದು ದಿನಕ್ಕೊಮ್ಮೆ ನಲ್ಲಿಯ ಕೆಳಗೆ. ದಾರ ಕತ್ತರಿಸುವುದನ್ನು ಪಡಸಾಲೆಗೆ ಒಯ್ಯಿರಿ ಎಂದು ಅತ್ತೆಗೆ ಹೇಳಿ ನೋಡಿದೆ. ಅವರ ಗೆಳತಿ ಪಡಸಾಲೆಯ ಸೆಕೆಗೆ ಬರುವುದಿಲ್ಲವಂತೆ.

ಜುಲೈ ಮೊದಲ ವಾರ ಅತ್ತೆಯಿಂದ ಹೊಸ ದೂರು. ಕಿಟಕಿಯಾಚೆ ಡ್ರಮ್ಮಿಗೆ ನೀರು ಬೀಳುವ ಸದ್ದಿಗೆ ನಿದ್ದೆ ಬರುತ್ತಿಲ್ಲ. ನೋಡೋಣ ಎಂದೆ, ಮರೆತೆ. ಎರಡು ದಿನ ಬಿಟ್ಟು ಬೆಳಗ್ಗೆ ಹಿತ್ತಲಿಗೆ ಹೋದರೆ ಪೈಪಿನ ಬಾಯಿಗೆ ಏನೋ ನೀಲಿ ಕಟ್ಟಿದೆ. ಎದೆ ಧಸಕ್ಕೆಂದಿತು. ಹತ್ತಿರ ಹೋಗಿ ನೋಡಿದೆ. ಜೀನ್ಸ್ ಬಟ್ಟೆಯ ಎರಡು ಬೆರಳಗಲದ ಪಟ್ಟಿ. ಬಾಯಿಯನ್ನು ಮುಚ್ಚದೆ, ಪೈಪಿನ ಹೊರಸುತ್ತಿಗೆ ಗಂಟು ಹಾಕಿ, ಕೆಳತುದಿಯನ್ನು ಡ್ರಮ್ಮಿನೊಳಕ್ಕೆ ಇಳಿಬಿಟ್ಟಿದ್ದಾರೆ. ನೀರು ಆ ಪಟ್ಟಿಯನ್ನು ಹಿಡಿದು ಸದ್ದಿಲ್ಲದೆ ಜಾರಿ ಇಳಿಯುತ್ತಿತ್ತು.

ಒಳಗೆ ಹೋಗಿ, ಸ್ಟೂಲು ಹತ್ತಿ, ಒಂದು ಲೀಟರ್ ಬಿಟ್ಟು ನೋಡಿದೆ. ಇಪ್ಪತ್ತು ಎಣಿಸುವಷ್ಟರಲ್ಲಿ ಬಂತು. ಪಟ್ಟಿಯನ್ನು ಬಿಚ್ಚಲಿಲ್ಲ.